ಎಸ್‌ಎಸ್‌ಡಿ ಹಾಕಿಸಿದ ಮೇಲೂ ಡಿಫ್ರಾಗ್ ಮಾಡಬೇಕಾ?

ಪ್ರಶ್ನೆ: ಹಳೇ ಕಂಪ್ಯೂಟರಿಗೆ ಹೋದ ತಿಂಗಳು 250 ಜಿಬಿ ಎಸ್‌ಎಸ್‌ಡಿ ಹಾಕಿಸಿದೆ. ಮೊದಲೆಲ್ಲ ತಿಂಗಳಿಗೊಮ್ಮೆ ತಪ್ಪದೆ ಡಿಫ್ರಾಗ್ ಮಾಡುತ್ತಿದ್ದೆ. ಈಗಲೂ ಮಾಡಬೇಕಾ? ಮಾಡಿದರೆ ಸವೆಯುತ್ತೆ ಅಂತ ಒಬ್ಬರು, ಮಾಡದಿದ್ದರೆ ನಿಧಾನ ಆಗುತ್ತೆ ಅಂತ ಇನ್ನೊಬ್ಬರು ಹೇಳುತ್ತಾರೆ.
– ಮಂಡ್ಯದ ಓದುಗರು

ಉತ್ತರ: ಬೇಡ. ಡಿಫ್ರಾಗ್ ಅಂದರೆ ಚೆಲ್ಲಾಪಿಲ್ಲಿಯಾದ ಫೈಲಿನ ಚೂರುಗಳನ್ನು ಒಂದೆಡೆ ಜೋಡಿಸಿಡುವುದು. ಹಾರ್ಡ್ ಡಿಸ್ಕಿನಲ್ಲಿ ತಟ್ಟೆ ನಿಮಿಷಕ್ಕೆ 5400 ಇಲ್ಲವೇ 7200 ಸುತ್ತು ತಿರುಗುತ್ತದೆ. ಫೈಲಿನ ಚೂರುಗಳು ಅಲ್ಲೊಂದು ಇಲ್ಲೊಂದು ಬಿದ್ದಿದ್ದರೆ ಓದುವ ಹೆಡ್ ಓಡಾಡಿ ಸುಸ್ತಾಗುತ್ತದೆ. ಎಸ್‌ಎಸ್‌ಡಿಯಲ್ಲಿ (ಸಾಲಿಡ್ ಸ್ಟೇಟ್ ಡ್ರೈವ್) ಡೇಟಾ ಇರುವುದು ಚಿಪ್‌ಗಳಲ್ಲಿ, ತಿರುಗುವುದೇ ಏನೂ ಇಲ್ಲ. ಚೂರು ಎಲ್ಲಿದ್ದರೂ ಹೆಚ್ಚುಕಮ್ಮಿ ಒಂದೇ ಹೊತ್ತಿಗೆ ಸಿಗುತ್ತದೆ. ಜೋಡಿಸಿಟ್ಟು ಲಾಭವಿಲ್ಲ, ಸುಮ್ನೆ ಬರೆದು ಬರೆದು ಸವೆಸಿದ ಹಾಗೆ.

ಆದರೆ ಎರಡನೆಯವರು ಹೇಳಿದ್ದೂ ಪೂರ್ತಿ ಸುಳ್ಳಲ್ಲ. ಎಸ್‌ಎಸ್‌ಡಿ ನಿಧಾನ ಆಗುವುದುಂಟು. ಯಾಕೆ ಅಂತ ತಿಳಿಯಬೇಕಾದರೆ ನಿಮ್ಮೂರಿನ ಯಾವುದಾದರೂ ಮದುವೆ ಊಟ ನೆನಪಿಸಿಕೊಳ್ಳಿ. ಪಂಕ್ತಿಯಲ್ಲಿ ಒಬ್ಬರ ಊಟ ಮುಗಿಯಿತು ಅಂತ ಅದೊಂದೇ ಎಲೆ ಎತ್ತಿ, ಒರೆಸಿ, ಇನ್ನೊಬ್ಬರನ್ನು ಕೂರಿಸುವುದಿಲ್ಲ ಅಲ್ವಾ? ಇಡೀ ಸಾಲು ಏಳಬೇಕು. ಎಸ್‌ಎಸ್‌ಡಿಯೂ ಹಾಗೇ. ಬರೆಯುವುದು ಸಣ್ಣ ಸಣ್ಣ ಪುಟಗಳಲ್ಲಿ, ಅಳಿಸುವುದು ಮಾತ್ರ ನೂರಾರು ಪುಟಗಳ ಇಡೀ ಬ್ಲಾಕನ್ನು. ಅದರಲ್ಲಿ ಇನ್ನೂ ಬೇಕಾದ ಪುಟಗಳಿದ್ದರೆ ಅವನ್ನು ಮೊದಲು ಬೇರೆ ಬ್ಲಾಕಿಗೆ ಎಬ್ಬಿಸಿ ಕೂರಿಸಬೇಕು. (ಮದುವೆಯಲ್ಲಿ ಹೀಗೆ ಮಾಡಿದರೆ ಬೀಗರು ಮುನಿಸಿಕೊಂಡಾರು, ಅದು ಬೇರೆ ಮಾತು.)

ನೀವು ಫೈಲ್ ಡಿಲೀಟ್ ಮಾಡಿದಾಗ ಅದರ ಜಾಗ ಖಾಲಿಯಾಯಿತು ಅಂತ ಎಸ್‌ಎಸ್‌ಡಿಗೆ ತಾನಾಗಿ ಗೊತ್ತಾಗುವುದಿಲ್ಲ. ವಿಂಡೋಸ್ ಹೇಳಬೇಕು. ಹಾಗೆ ಹೇಳುವುದಕ್ಕೇ ಟ್ರಿಮ್ ಅನ್ನುತ್ತಾರೆ. ಉಂಡವರು ಎಲೆ ಮಡಚಿದ ಹಾಗೆ. ಎಲೆ ಮಡಚದಿದ್ದರೆ ಬಡಿಸುವವರು ಬಡಿಸುತ್ತಲೇ ಇರುತ್ತಾರೆ. ಟ್ರಿಮ್ ಇಲ್ಲದಿದ್ದರೆ ಡ್ರೈವ್ ಬೇಡದ ಡೇಟಾವನ್ನೂ ಹೊತ್ತುಕೊಂಡು ತಿರುಗುತ್ತದೆ.

ವಿಂಡೋಸ್ 7ರಿಂದಲೇ ಟ್ರಿಮ್ ಇದೆ. ವಿಂಡೋಸ್ 10 ಮತ್ತು 11ರಲ್ಲಿ 'ಆಪ್ಟಿಮೈಸ್ ಡ್ರೈವ್ಸ್' ವಾರಕ್ಕೊಮ್ಮೆ ತಾನೇ ಈ ಕೆಲಸ ಮಾಡುತ್ತದೆ. ಅದನ್ನು ಡಿಫ್ರಾಗ್ ಅಂದುಕೊಂಡು ಆಫ್ ಮಾಡಬೇಡಿ! ಒಮ್ಮೆ ತೆರೆದು, ಡ್ರೈವಿನ ಮುಂದೆ 'ಸಾಲಿಡ್ ಸ್ಟೇಟ್ ಡ್ರೈವ್' ಅಂತ ಇದೆಯಾ ನೋಡಿ. ಬೇರೆ ಡಿಫ್ರಾಗ್ ಸಾಫ್ಟ್‌ವೇರ್ ಹಾಕಿಕೊಂಡಿದ್ದರೆ ತೆಗೆದುಬಿಡಿ.

ನೀವು ಮಾಡಬೇಕಾದದ್ದು ಇಷ್ಟೇ: ಡ್ರೈವನ್ನು ಕಂಠದವರೆಗೆ ತುಂಬಿಸಬೇಡಿ. ಎಬ್ಬಿಸಿದವರನ್ನು ಕೂರಿಸಲು ಖಾಲಿ ಸಾಲು ಬೇಕಲ್ಲ! ನಾನಂತೂ 250 ಜಿಬಿಯಲ್ಲಿ 40 ಜಿಬಿಯಾದರೂ ಮುಟ್ಟುವುದಿಲ್ಲ.

ಸವೆತದ ಚಿಂತೆ ಜಾಸ್ತಿ ಬೇಡ. ಸ್ಯಾಮ್‌ಸಂಗ್ 860 ಇವೊ 250 ಜಿಬಿಗೆ ಕಂಪನಿ ಕೊಟ್ಟಿದ್ದ ಬರೆಯುವ ಮಿತಿ 150 ಟಿಬಿ, ಅಂದರೆ ಒಂದೂವರೆ ಲಕ್ಷ ಜಿಬಿ. ದಿನಕ್ಕೆ 20 ಜಿಬಿ ಬರೆದರೂ ಅದು ಮುಗಿಯಲು 20 ವರ್ಷ ಬೇಕು. ಕರೆಂಟು ಹಠಾತ್ತಾಗಿ ಹೋಗುವುದೇ ಇದಕ್ಕಿಂತ ಕೆಟ್ಟದ್ದು. ಡೆಸ್ಕ್‌ಟಾಪ್ ಆದರೆ ಒಂದು ಯುಪಿಎಸ್ ಇರಲಿ.

ಇನ್ನೊಂದು ವಿಷಯ. ಟ್ರಿಮ್ ಆದ ಮೇಲೆ ಡಿಲೀಟ್ ಆದ ಫೋಟೋ ವಾಪಸ್ ಸಿಗುವುದು ಕನಸಿನ ಮಾತು. ಹಾರ್ಡ್ ಡಿಸ್ಕಿನಲ್ಲಿ ರಿಕವರಿ ಸಾಫ್ಟ್‌ವೇರ್ ಹಾಕಿ ಎಷ್ಟೋ ಸಲ ಬಚಾವಾದೆವು, ಇಲ್ಲಿ ಅದು ನಡೆಯುವುದಿಲ್ಲ. ಹಾಗಾಗಿ ಬಿಚ್ಚಿ ತೆಗೆದ ಹಳೇ ಹಾರ್ಡ್ ಡಿಸ್ಕ್ ಇನ್ನೂ ಚೆನ್ನಾಗಿದ್ದರೆ ಅದಕ್ಕೊಂದು ಯುಎಸ್‌ಬಿ ಕೇಸ್ ಹಾಕಿಸಿ, ಬ್ಯಾಕಪ್‌ಗೆ ಇಟ್ಟುಕೊಳ್ಳಿ. ಡಿಫ್ರಾಗ್ ಮಾಡದೆ ಕೈ ಸುಮ್ಮನಿರದಿದ್ದರೆ ಆ ಹಳೇ ಡಿಸ್ಕಿಗೆ ಧಾರಾಳವಾಗಿ ಮಾಡಿ.