ಬಣ್ಣ ಬಿಟ್ಟಿದ್ದು ರವಿಕೆ, ಬೈಸಿಕೊಂಡಿದ್ದು ಸೊಸೆ

ಹೊಸ ಬಟ್ಟೆಯನ್ನು ಮೊದಲ ಸಲ ಒಗೆಯುವ ಮುನ್ನ ಉಪ್ಪುನೀರಿನಲ್ಲಿ ನೆನೆಹಾಕಿದರೆ ಬಣ್ಣ ಹೋಗುವುದಿಲ್ಲ ಎಂಬ ನಂಬಿಕೆಗೆ ನಮ್ಮಲ್ಲಿ ಜಾತಿ, ಮತ, ಜಿಲ್ಲೆಗಳ ಭೇದವಿಲ್ಲ. ಎಷ್ಟೋ ಬಟ್ಟೆ ಅಂಗಡಿಯವರೇ ಹಾಗೆ ಹೇಳಿ ಕಳುಹಿಸುತ್ತಾರೆ. ರಸಾಯನಶಾಸ್ತ್ರದಲ್ಲಿ ಪದವಿ ಪಡೆದವರೂ ಬಕೆಟ್ಟಿಗೆ ಒಂದು ಹಿಡಿ ಉಪ್ಪು ಹಾಕುತ್ತಾರೆ. ಇಷ್ಟಾದ ಮೇಲೂ ಕೆಂಪು ರವಿಕೆಯ ಜೊತೆ ಬಿದ್ದ ಬಿಳಿ ಪಂಚೆ ಗುಲಾಬಿಯಾಗಿ ಹೊರಬಂದರೆ ಉಪ್ಪಿನ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ. ಒಗೆದವರನ್ನು ಹಿಡಿದುಕೊಳ್ಳುತ್ತಾರೆ. ಒಗೆದವಳು ಸೊಸೆಯಾದರೆ ನಾಲ್ಕು ಮಾತು, ಮನೆಗೆಲಸಕ್ಕೆ ಬರುವ ಹೆಂಗಸಾದರೆ ಸಂಬಳದಲ್ಲಿ ಕಡಿತ. ಪಂಚೆಯನ್ನು ರವಿಕೆಯ ಮೇಲೆಯೇ ಬಿಸಾಡಿ ಹೋದ ಯಜಮಾನರು ಮಾತ್ರ ನ್ಯಾಯಾಧೀಶರ ಕುರ್ಚಿಯಲ್ಲಿ ಕೂತಿರುತ್ತಾರೆ.

ಈ ಮೊಕದ್ದಮೆಯ ಮೊದಲ ಆರೋಪಿ ಆ ಮನೆಯಲ್ಲಿ ಇಲ್ಲವೇ ಇಲ್ಲ ಎಂಬುದು ನನ್ನ ವಾದ. ಅಪರಾಧ ನಡೆದದ್ದು ಬಟ್ಟೆ ಅಂಗಡಿಗೆ ಬರುವ ಮೊದಲೇ, ಬಣ್ಣ ಹಾಕುವ ಕಾರ್ಖಾನೆಯಲ್ಲಿ.

ಹತ್ತಿಗೆ ಬಣ್ಣ ಹಿಡಿಸುವುದು ಎಂದೂ ಸುಲಭದ ಕೆಲಸವಾಗಿರಲಿಲ್ಲ. 1856ರಲ್ಲಿ ಹದಿನೆಂಟರ ಹುಡುಗ ವಿಲಿಯಂ ಪರ್ಕಿನ್ ಕ್ವಿನೈನ್ ತಯಾರಿಸಲು ಹೋಗಿ ಆಕಸ್ಮಿಕವಾಗಿ ನೇರಳೆ ಬಣ್ಣವನ್ನು ಕಂಡುಹಿಡಿದ. ಅದು ರೇಷ್ಮೆಗೆ ಚೆನ್ನಾಗಿ ಹಿಡಿಯಿತು, ಹತ್ತಿಗೆ ನೇರವಾಗಿ ಹಿಡಿಯಲಿಲ್ಲ. 1884ರಲ್ಲಿ ಬಂದ ಕಾಂಗೋ ರೆಡ್ ನೇರವಾಗಿಯೇ ಹತ್ತಿಗೆ ಅಂಟಿತು, ಆದರೆ ಒಗೆದಂತೆಲ್ಲ ಬಿಡುತ್ತಿತ್ತು. ಹತ್ತಿಯ ಎಳೆಗೆ ಗಟ್ಟಿಯಾದ ರಾಸಾಯನಿಕ ಬಂಧದಿಂದಲೇ ಬಣ್ಣವನ್ನು ಕಟ್ಟಿಹಾಕುವ ದಾರಿ ಸಿಕ್ಕಿದ್ದು 1954ರಲ್ಲಿ, ಇಂಗ್ಲೆಂಡಿನ ಐ.ಸಿ.ಐ. ಕಂಪನಿಯ ರ‍್ಯಾಟಿ ಮತ್ತು ಸ್ಟೀಫನ್ ಎಂಬ ಇಬ್ಬರು ವಿಜ್ಞಾನಿಗಳಿಗೆ. ಎರಡು ವರ್ಷದ ನಂತರ, ಪರ್ಕಿನ್ನನ ಶೋಧಕ್ಕೆ ಸರಿಯಾಗಿ ನೂರು ತುಂಬಿದಾಗ, ಈ ‘ರಿಯಾಕ್ಟಿವ್’ ಬಣ್ಣಗಳು ಮಾರುಕಟ್ಟೆಗೆ ಬಂದವು. ಇಂದು ನಾವು ಉಡುವ ಗಾಢ ಬಣ್ಣದ ಹತ್ತಿ ಬಟ್ಟೆಗಳಲ್ಲಿ ಬಹುಪಾಲಿಗೆ ಇದೇ ಜಾತಿಯ ಬಣ್ಣ.

ಇದರ ಕೆಲಸ ಹೀಗೆ. ಹತ್ತಿಯೆಂದರೆ ಸೆಲ್ಯುಲೋಸ್. ಅದರ ಉದ್ದನೆಯ ಸರಪಳಿಯ ತುಂಬ ಆಮ್ಲಜನಕ ಮತ್ತು ಜಲಜನಕದ ಜೋಡಿಗಳು, ಅಂದರೆ ಹೈಡ್ರಾಕ್ಸಿಲ್ ಗುಂಪುಗಳು, ಸಾಲಾಗಿ ನಿಂತಿರುತ್ತವೆ. ಬಣ್ಣದ ಅಣುವಿನ ಒಂದು ತುದಿಯಲ್ಲಿ ಇವುಗಳ ಜೊತೆ ಕೂಡಿಕೊಳ್ಳಲು ಕಾದಿರುವ ಭಾಗವಿರುತ್ತದೆ. ದ್ರಾವಣಕ್ಕೆ ವಾಷಿಂಗ್ ಸೋಡಾದಂತಹ ಕ್ಷಾರ ಬಿದ್ದಕೂಡಲೇ ಎರಡರ ನಡುವೆ ಬಂಧ ಏರ್ಪಡುತ್ತದೆ. ತೊಡಕು ಏನೆಂದರೆ, ಆ ತೊಟ್ಟಿಯಲ್ಲಿ ಹತ್ತಿಗಿಂತ ನೀರು ಎಷ್ಟೋ ಪಟ್ಟು ಹೆಚ್ಚಿದೆ, ಮತ್ತು ನೀರಿನ ಬಳಿಯೂ ಅದೇ ಜೋಡಿಯಿದೆ. ಒಂದಷ್ಟು ಅಣುಗಳು ಹತ್ತಿಯನ್ನು ಕೈಹಿಡಿಯುವ ಮೊದಲೇ ನೀರಿಗೆ ತಾಳಿ ಕಟ್ಟಿಬಿಡುತ್ತವೆ. ಇವುಗಳಿಗೆ ಎರಡನೆಯ ಮದುವೆಯ ಅವಕಾಶವಿಲ್ಲ. ಆದರೂ ಮದುವೆಮನೆ ಬಿಟ್ಟು ಹೊರಡುವುದಿಲ್ಲ. ದುರ್ಬಲ ಆಕರ್ಷಣೆಯೊಂದರ ನೆಪದಲ್ಲಿ ನೂಲಿನ ಸಂದಿಗಳಲ್ಲಿ ನೆಂಟರಂತೆ ಕೂತೇ ಇರುತ್ತವೆ. ನೋಡಿದವರಿಗೆ ಮನೆಯವರು ಯಾರು, ನೆಂಟರು ಯಾರು ಎಂದು ತಿಳಿಯುವುದಿಲ್ಲ, ಏಕೆಂದರೆ ಇಬ್ಬರ ಬಣ್ಣವೂ ಒಂದೇ. ನಮ್ಮ ಬಕೆಟ್ಟಿನ ನೀರು ಮೊದಲ ಬಸ್ಸಿನಂತೆ ಬಂದು ನಿಂತಾಗ ಎದ್ದು ಹೊರಡುವವರು ಈ ನೆಂಟರೇ.

ಇವರ ಸಂಖ್ಯೆ ಸಣ್ಣದಲ್ಲ. ಬಣ್ಣದ ಜಾತಿ ಮತ್ತು ವಿಧಾನಕ್ಕೆ ತಕ್ಕಂತೆ ತೊಟ್ಟಿಗೆ ಹಾಕಿದ ಬಣ್ಣದಲ್ಲಿ ಶೇಕಡಾ 60ರಿಂದ 80ರಷ್ಟು ಮಾತ್ರ ಹತ್ತಿಗೆ ಬಂಧವಾಗುವುದು ಸಾಮಾನ್ಯ. ಉಳಿದದ್ದನ್ನು ಕಾರ್ಖಾನೆಯಲ್ಲೇ ತೊಳೆದು ತೆಗೆಯಬೇಕು. ಮೊದಲು ತಣ್ಣೀರು, ಆಮೇಲೆ ಬಿಸಿನೀರು, ಆಮೇಲೆ ಕುದಿಯುವುದಕ್ಕೆ ಸ್ವಲ್ಪವೇ ಕಡಿಮೆ ಬಿಸಿಯಲ್ಲಿ ಸಾಬೂನಿನ ನೀರು, ಮತ್ತೆ ಮತ್ತೆ ಜಾಲಿಸುವುದು.

ಈಗ ಉಪ್ಪಿನ ಸಂಗತಿ. ಬಣ್ಣದ ಕಾರ್ಖಾನೆಯಲ್ಲಿ ಉಪ್ಪು ನಿಜವಾಗಿಯೂ ಬಳಕೆಯಲ್ಲಿದೆ, ಬಹುಶಃ ನಂಬಿಕೆಯ ಬೇರು ಅಲ್ಲಿಯೇ. ನೀರಿನಲ್ಲಿ ಮುಳುಗಿದ ಹತ್ತಿಯ ಮೇಲ್ಮೈಗೆ ಋಣ ವಿದ್ಯುದಂಶ ಬರುತ್ತದೆ, ಬಣ್ಣದ ಅಣುವಿನ ಮೇಲೂ ಋಣ ವಿದ್ಯುದಂಶವೇ. ಒಂದನ್ನೊಂದು ದೂಡುತ್ತವೆ. ಉಪ್ಪಿನ ಸೋಡಿಯಂ ಅಯಾನುಗಳು, ಅಂದರೆ ಧನ ವಿದ್ಯುದಂಶವಿರುವ ಕಣಗಳು, ನಡುವೆ ನಿಂತು ಈ ವೈರವನ್ನು ಮರೆಸುತ್ತವೆ, ಬಣ್ಣ ನೀರನ್ನು ಬಿಟ್ಟು ಬಟ್ಟೆಯತ್ತ ಸರಿಯುತ್ತದೆ. ಉಪ್ಪಿನ ಪಾತ್ರ ಅಷ್ಟಕ್ಕೇ ಮುಗಿಯಿತು. ಬಂಧ ಬೆಸೆಯುವುದು ಕ್ಷಾರ. ಕಾರ್ಖಾನೆಯಲ್ಲಿ ಹಾಕುವುದೂ ಹಿಡಿ ಲೆಕ್ಕದ ಉಪ್ಪಲ್ಲ. ಗಾಢ ಬಣ್ಣಕ್ಕೆ ಲೀಟರಿಗೆ 50 ಗ್ರಾಂ, ಕೆಲವೊಮ್ಮೆ ಇನ್ನೂ ಹೆಚ್ಚು ಸುರಿಯುತ್ತಾರೆ. ಆ ಲೆಕ್ಕದಲ್ಲಿ ಹದಿನೈದು ಲೀಟರಿನ ಬಕೆಟ್ಟಿಗೆ ಮುಕ್ಕಾಲು ಕಿಲೋ ಬೇಕು.

ಹಠಕ್ಕೆ ಬಿದ್ದು ಮುಕ್ಕಾಲು ಕಿಲೋ ಹಾಕಿದಿರಿ ಎನ್ನೋಣ. ಬಕೆಟ್ಟಿನ ನೀರು ಮೊದಲಿಗಿಂತ ತಿಳಿಯಾಗಿಯೇ ಕಾಣಬಹುದು. ಮೋಸ ಇರುವುದು ಅಲ್ಲೇ. ಸಡಿಲವಾಗಿದ್ದ ಬಣ್ಣವನ್ನು ಉಪ್ಪು ಬಟ್ಟೆಯೊಳಗೇ ತಡೆದು ನಿಲ್ಲಿಸಿದೆ, ಬಂಧಿಸಿಲ್ಲ. ಮುಂದಿನ ಸಲ ಉಪ್ಪಿಲ್ಲದ ನೀರು ಸಿಕ್ಕಾಗ ಅದು ಹೊರಗೆ ಬರುತ್ತದೆ, ಆಗ ಪಕ್ಕದಲ್ಲಿ ಪಂಚೆ ಇರುತ್ತದೆ. ಕಾರ್ಖಾನೆಯವರು ಬಣ್ಣ ಹಾಕಿದ ಮೇಲೆ ಮೊದಲು ತಣ್ಣೀರಿನಲ್ಲಿ ಜಾಲಿಸುವುದೇ ಉಪ್ಪನ್ನು ಹೊರದಬ್ಬಲು. ಉಪ್ಪು ಉಳಿದರೆ ಬೇಡದ ಬಣ್ಣ ಹೋಗುವುದಿಲ್ಲ ಎಂಬುದು ಅವರಿಗೆ ಗೊತ್ತು. ಅವರು ಹೊರದಬ್ಬುವ ವಸ್ತುವನ್ನು ನಾವು ಭಕ್ತಿಯಿಂದ ಒಳಗೆ ಹಾಕುತ್ತಿದ್ದೇವೆ. ಕೊಳವೆಬಾವಿಯ ಗಡಸು ನೀರಿನದ್ದೂ ಇದೇ ಕಥೆ, ಅದರ ಕ್ಯಾಲ್ಸಿಯಂ ಸಡಿಲ ಬಣ್ಣವನ್ನು ಇನ್ನಷ್ಟು ಹೊತ್ತು ಹಿಡಿದಿಡುತ್ತದೆ.

ಹಾಗಾದರೆ ಕಾರ್ಖಾನೆ ಸರಿಯಾಗಿ ಏಕೆ ತೊಳೆಯುವುದಿಲ್ಲ? ನೀರಿಗೆ ದುಡ್ಡು, ಕಾಯಿಸಲು ದುಡ್ಡು, ತೊಳೆದ ಬಣ್ಣದ ನೀರನ್ನು ಶುದ್ಧೀಕರಿಸಲು ಇನ್ನೂ ದುಡ್ಡು. ನಮ್ಮ ಬನಿಯನ್ನು, ಟೀ ಶರ್ಟುಗಳ ತವರಾದ ತಿರುಪ್ಪೂರಿನಲ್ಲಿ ಈ ನೀರು ದಶಕಗಳ ಕಾಲ ನೊಯ್ಯಲ್ ನದಿಗೆ ಹರಿಯಿತು, ಉಪ್ಪಿನ ಸಮೇತ. ಕೆಳಗಿನ ಹೊಲಗಳು, ಬಾವಿಗಳು ಕೆಟ್ಟವು. 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ಅಲ್ಲಿನ ಬಣ್ಣದ ಘಟಕಗಳನ್ನು ಮುಚ್ಚಿಸಿತು. ಒಂದು ಹನಿಯನ್ನೂ ಹೊರಗೆ ಬಿಡದೆ ನೀರನ್ನು ಮರುಬಳಕೆ ಮಾಡಿದರೆ ಮಾತ್ರ ತೆರೆಯಬಹುದೆಂಬ ನಿಯಮ ಗಟ್ಟಿಯಾಯಿತು. ಪ್ರಾಮಾಣಿಕ ಘಟಕಗಳು ಅದಕ್ಕೆ ಹಣ ಸುರಿದವು. ಎಲ್ಲೆಡೆಯ ಎಲ್ಲರೂ ಪ್ರಾಮಾಣಿಕರಲ್ಲ. ಕೊನೆಯ ಎರಡು ಜಾಲಿಸುವಿಕೆಗಳನ್ನು ನುಂಗಿಹಾಕಿದರೆ ಬಟ್ಟೆ ಅಗ್ಗವಾಗುತ್ತದೆ, ಅಂಗಡಿಯ ದೀಪದ ಕೆಳಗೆ ವ್ಯತ್ಯಾಸ ಕಾಣುವುದೂ ಇಲ್ಲ. ತೊಳೆಯುವ ಕೆಲಸ ರದ್ದಾಗುವುದಿಲ್ಲ, ನಮ್ಮ ಬಚ್ಚಲಿಗೆ ವರ್ಗಾವಣೆಯಾಗುತ್ತದೆ.

ಇದನ್ನು ನೆನೆದಾಗ ನನಗೆ ಹೊಟ್ಟೆ ಉರಿಯುವುದು ಇನ್ನೊಂದು ಕಾರಣಕ್ಕೆ. ಒಗೆದರೂ ಹೋಗದ ಬಣ್ಣ ಒಂದು ಕಾಲಕ್ಕೆ ಭಾರತದ ಹೆಮ್ಮೆಯ ಸರಕಾಗಿತ್ತು. ಮೊಹೆಂಜೊದಾರೋದಲ್ಲಿ ಬೆಳ್ಳಿಯ ಪಾತ್ರೆಯೊಂದಕ್ಕೆ ಅಂಟಿಕೊಂಡು ಉಳಿದ ಹತ್ತಿ ಬಟ್ಟೆಯ ಚೂರಿನಲ್ಲಿ ಮಂಜಿಷ್ಠದ ಜಾತಿಯ ಬೇರಿನ ಕೆಂಪು ಸಿಕ್ಕಿತು. ಹದಿನೇಳನೆಯ ಶತಮಾನದಲ್ಲಿ ಕೋರಮಂಡಲ ಕರಾವಳಿಯ ಹೂಬಳ್ಳಿಯ ಬಟ್ಟೆಗಳಿಗೆ ಯುರೋಪು ಮರುಳಾದದ್ದು ಅಂದಕ್ಕೆ ಮಾತ್ರವಲ್ಲ, ಒಗೆದಷ್ಟೂ ಹೊಳೆಯುವ ಗುಣಕ್ಕೆ. ತಮ್ಮ ನೇಕಾರರು ಹಾಳಾದಾರೆಂದು ಫ್ರಾನ್ಸ್ 1686ರಲ್ಲಿ ಇವನ್ನು ನಿಷೇಧಿಸಿತು, ಇಂಗ್ಲೆಂಡ್ 1700ರಲ್ಲಿ ಆಮದನ್ನೂ 1721ರಲ್ಲಿ ತೊಡುವುದನ್ನೂ ತಡೆಯಿತು. 1742ರಲ್ಲಿ ಕೋರ್ಡೂ ಎಂಬ ಫ್ರೆಂಚ್ ಪಾದ್ರಿ ಇಲ್ಲಿನ ಕುಶಲಕರ್ಮಿಗಳಿಂದ ವಿಧಾನವನ್ನು ಕೇಳಿ ತಿಳಿದು ಪತ್ರ ಬರೆದು ಕಳುಹಿಸಿದ. ಬಟ್ಟೆಯನ್ನು ಅಳಲೆಕಾಯಿ ಮತ್ತು ಎಮ್ಮೆಯ ಹಾಲಿನಲ್ಲಿ ಅದ್ದಿ ಒಣಗಿಸುವುದು, ಪಟಿಕದ ನೀರಿನಲ್ಲಿ ಚಿತ್ರ ಬರೆಯುವುದು, ಆಮೇಲೆ ಬೇರಿನ ಬಣ್ಣದಲ್ಲಿ ಕುದಿಸುವುದು. ಪಟಿಕದ ಅಲ್ಯುಮಿನಿಯಂ ಒಂದು ಕೈಯಲ್ಲಿ ಹತ್ತಿಯನ್ನೂ ಇನ್ನೊಂದರಲ್ಲಿ ಬಣ್ಣವನ್ನೂ ಹಿಡಿಯುತ್ತದೆ. ಪಟಿಕ ತಾಗದ ಕಡೆ ಬಣ್ಣ ನಿಲ್ಲುವುದಿಲ್ಲ, ತೊಳೆದಾಗ ಹೋಗುತ್ತದೆ. ಮನಸ್ಸಿಟ್ಟು ತೊಳೆಯುವುದು ಆ ಕಸುಬಿನ ಅರ್ಧ ಭಾಗವಾಗಿತ್ತು.

ಅಗಸರಿಗೂ ಅಳಿಸದ ಬಣ್ಣದ ಅಗತ್ಯ ತಿಳಿದಿತ್ತು. ಯಾರ ಮನೆಯ ಬಟ್ಟೆ ಯಾವುದು ಎಂದು ಗುರುತಿಡಲು ಭಲ್ಲಾತಕ ಎಂಬ ಕಾಡುಮರದ ಕಾಯಿಗೆ ಸೂಜಿ ಚುಚ್ಚಿ, ಬಂದ ರಸದಲ್ಲಿ ಮೂಲೆಗೆ ಚುಕ್ಕಿ ಇಟ್ಟು ಸುಣ್ಣ ತಾಗಿಸುತ್ತಿದ್ದರು. ಉಬ್ಬೆಗೆ ಹಾಕಿದರೂ, ಕಲ್ಲಿಗೆ ಬಡಿದರೂ ಆ ಕಪ್ಪು ಹೋಗದು. ಆ ರಸ ಕೆಲವರ ಚರ್ಮಕ್ಕೆ ಆಗುವುದಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಇಲ್ಲಿದ್ದ ವಿದೇಶಿ ಸೈನಿಕರ ಕುತ್ತಿಗೆಯಲ್ಲಿ ಎದ್ದ ಬೊಬ್ಬೆಗಳಿಗೆ ಕಾರಣ ಅಂಗಿಯ ಕಾಲರಿನ ಈ ಗುರುತೇ ಎಂದು ವೈದ್ಯರು ಪತ್ತೆಹಚ್ಚಿದರು.

ಉಪ್ಪಿನ ಜೋಡಿ ನಂಬಿಕೆ ವಿನೆಗರ್. ಇದರಲ್ಲಿ ಅರ್ಧ ಸತ್ಯವಿದೆ, ಆದರೆ ಹತ್ತಿಯ ಮಟ್ಟಿಗೆ ಅದು ಸುಳ್ಳು. ರೇಷ್ಮೆ, ಉಣ್ಣೆಗಳು ಪ್ರೋಟೀನು. ಅವುಗಳಿಗೆ ಸಾಮಾನ್ಯವಾಗಿ ಹಾಕುವ ಬಣ್ಣ ಆಮ್ಲದಲ್ಲಿ ಅಂಟಿಕೊಳ್ಳುತ್ತದೆ, ಕ್ಷಾರದಲ್ಲಿ ಸಡಿಲಗೊಳ್ಳುತ್ತದೆ. ಆದ್ದರಿಂದ ರೇಷ್ಮೆಗೆ ಒಗೆಯುವ ಪುಡಿ ಹಾಕುವವರು ಬಣ್ಣಕ್ಕೂ ಎಳೆಗೂ ಒಟ್ಟಿಗೆ ದ್ರೋಹ ಬಗೆಯುತ್ತಾರೆ. ಹತ್ತಿಯ ಒಡಲು, ರೇಷ್ಮೆಯ ಕೆಂಪು ಸೆರಗಿನ ಇಳಕಲ್ ಸೀರೆಯನ್ನು ನೋಡಿ. ಒಡಲು, ಸೆರಗುಗಳ ಎಳೆಗಳನ್ನು ‘ತೋಪು ತೆನೆ’ ಎಂಬ ವಿಧಾನದಲ್ಲಿ ಕೊಂಡಿ ಹಾಕಿ ಜೋಡಿಸಿದ ಆ ಒಂದೇ ಸೀರೆಯಲ್ಲಿ ಎರಡು ಬಗೆಯ ಎಳೆ, ಎರಡು ಬಗೆಯ ಬಣ್ಣ, ಎರಡು ಬಗೆಯ ನಿಯಮ. ಇದನ್ನು ನೆನೆಹಾಕಲೇಬಾರದು. ತಣ್ಣೀರು, ಸೌಮ್ಯ ಸಾಬೂನು, ಬೇಗ ಎತ್ತಿ ನೆರಳಿನಲ್ಲಿ ಹರಡುವುದು.

ನಿರಪರಾಧಿಗೆ ಶಿಕ್ಷೆಯಾಗುವ ಇನ್ನೊಂದು ಪ್ರಕರಣ ಸಾಂಬಾರಿನ ಕಲೆ. ಹಳದಿ ಕಲೆಗೆ ಸೋಪು ಉಜ್ಜಿದ ಕ್ಷಣವೇ ಅದು ರಕ್ತದಂತೆ ಕೆಂಪಾಗುತ್ತದೆ, ‘ಏನು ಹಾಕಿ ಕೆಡಿಸಿದೆ’ ಎಂಬ ಕೂಗು ಏಳುತ್ತದೆ. ಮದುವೆಯಲ್ಲಿ ಅರಿಸಿನದ ನೀರಿಗೆ ಸುಣ್ಣ ಕದಡಿ ಕೆಂಪು ಆರತಿ ಎತ್ತುವವರು ನಾವು, ಬಚ್ಚಲಿನಲ್ಲಿ ಅದೇ ಕ್ರಿಯೆ ಕಂಡರೆ ಬೆದರುತ್ತೇವೆ. ಅರಿಸಿನದ ಕರ್ಕ್ಯುಮಿನ್ ಕ್ಷಾರದಲ್ಲಿ ಕೆಂಪು, ಜಾಲಿಸಿದರೆ ಮತ್ತೆ ಹಳದಿ. ಇದೇ ಬಣ್ಣದಾಟವನ್ನು ನಿಂಬೆಹಣ್ಣು, ಕುಂಕುಮಗಳ ಜೊತೆ ತೋರಿಸಿ ‘ದೃಷ್ಟಿ ತಗುಲಿದೆ’ ಎಂದು ಹಣ ಕೀಳುವವರು ಇನ್ನೂ ಇದ್ದಾರೆ. ಅರಿಸಿನ ಬಿಸಿಲಿಗೆ ತಾಳದ ಬಣ್ಣ. ಒಗೆದು ಬಿಸಿಲಿಗೆ ಹಾಕಿ, ದೃಷ್ಟಿ ತಾನೇ ಇಳಿಯುತ್ತದೆ.

ಹಾಗೆಂದು ಮನೆಯವರದು ಏನೂ ಹೊಣೆಯಿಲ್ಲವೆಂದು ನಾನು ಹೇಳುತ್ತಿಲ್ಲ. ಬಣ್ಣ ಹತ್ತುವುದು ಒಗೆಯುವಾಗ ಮಾತ್ರವಲ್ಲ, ಒಗೆದ ಮೇಲೂ. ಮೆಷಿನ್ನಿನಲ್ಲಿ ನೀರು ಬೇಕಾದಷ್ಟಿದ್ದಾಗ ಬಿಟ್ಟ ಬಣ್ಣ ಅದರಲ್ಲಿ ತೆಳುವಾಗಿ ಹರಡಿರುತ್ತದೆ. ಒದ್ದೆ ಬಟ್ಟೆಗಳು ಒಂದರ ಮೇಲೊಂದು ಮುದ್ದೆಯಾಗಿ ಬಿದ್ದಿದ್ದರೆ ಅದು ದಟ್ಟವಾಗಿ ನೇರವಾಗಿ ಪಕ್ಕದ ಬಟ್ಟೆಗೆ ಇಳಿಯುತ್ತದೆ. ನಡುವೆ ಕರೆಂಟ್ ಹೋಗಿ ಮೆಷಿನ್ ನಿಂತಾಗ, ಮುಗಿದು ಸದ್ದು ಮಾಡಿದರೂ ಯಾರೂ ಏಳದಿದ್ದಾಗ ಆಗುವುದು ಇದೇ. ಆ ಸದ್ದು ಮನೆಯ ಎಲ್ಲರ ಕಿವಿಗೂ ಬಿದ್ದಿರುತ್ತದೆ, ಬಟ್ಟೆ ತೆಗೆದು ಹರವಲು ಪದವಿ ಬೇಕಿಲ್ಲ. ಹೊಸ ಗಾಢ ಬಣ್ಣದ ಬಟ್ಟೆಯನ್ನು ಮೊದಲ ಕೆಲವು ಸಲ ಬೇರೆಯಾಗಿ, ಧಾರಾಳ ನೀರಿನಲ್ಲಿ ಒಗೆದರೆ ಕಾರ್ಖಾನೆ ಬಾಕಿ ಉಳಿಸಿದ ಕೆಲಸ ಬಹುಮಟ್ಟಿಗೆ ಮುಗಿಯುತ್ತದೆ.

ಬಣ್ಣದ ಬಟ್ಟೆಗೆಂದೇ ಮಾರುವ ಕೆಲವು ದ್ರಾವಣಗಳಲ್ಲಿ ಪಿ.ವಿ.ಪಿ. ಎಂಬ ಪಾಲಿಮರ್, ಅಂದರೆ ಉದ್ದ ಸರಪಳಿಯಂತಹ ಅಣು, ಇರುತ್ತದೆ. ನೀರಿನಲ್ಲಿ ತೇಲುವ ಬಣ್ಣದ ಅಣುಗಳನ್ನು ಇದು ಬೇರೆ ಬಟ್ಟೆಗೆ ತಲುಪುವ ಮೊದಲೇ ಹಿಡಿದುಕೊಳ್ಳುತ್ತದೆ. ಜರ್ಮನಿಯಲ್ಲಿ 1930ರ ದಶಕದಲ್ಲಿ ರೂಪುಗೊಂಡ ಇದನ್ನು ಯುದ್ಧಕಾಲದಲ್ಲಿ ರಕ್ತದ ಪ್ಲಾಸ್ಮಾಕ್ಕೆ ಬದಲಿಯಾಗಿ ಗಾಯಾಳುಗಳಿಗೆ ಕೊಟ್ಟದ್ದೂ ಉಂಟು. ಗಾಯಕ್ಕೆ ಹಚ್ಚುವ ಕಂದು ಬಣ್ಣದ ಪೋವಿಡೋನ್ ಅಯೋಡಿನ್‌ನಲ್ಲಿ ಅಯೋಡಿನ್ನನ್ನು ಹಿಡಿದಿಟ್ಟಿರುವುದೂ ಇದೇ.

ಬಟ್ಟೆ ಬಣ್ಣ ಬಿಡುತ್ತದೆಯೇ ಎಂದು ಅಳೆಯುವುದು ದೊಡ್ಡ ರಹಸ್ಯವೇನಲ್ಲ. ಐ.ಎಸ್.ಒ. 105 ಎಂಬ ಅಂತರರಾಷ್ಟ್ರೀಯ ಪರೀಕ್ಷಾ ಸರಣಿಯಿದೆ. ಬಟ್ಟೆಯ ತುಂಡಿಗೆ ಹತ್ತಿ, ಉಣ್ಣೆ, ನೈಲಾನ್, ಪಾಲಿಯೆಸ್ಟರ್ ಮೊದಲಾದ ಆರು ಬಿಳಿ ಎಳೆಗಳ ಪಟ್ಟಿಯೊಂದನ್ನು ಹೊಲಿದು, ಮುಚ್ಚಿದ ಡಬ್ಬದಲ್ಲಿ ಉಕ್ಕಿನ ಗುಂಡುಗಳ ಜೊತೆ ಒಗೆದು, ಯಾವ ಪಟ್ಟಿಗೆ ಎಷ್ಟು ಬಣ್ಣ ಹತ್ತಿತೆಂದು ನೋಡಿ 1ರಿಂದ 5ರವರೆಗೆ ಅಂಕ ಕೊಡುತ್ತಾರೆ. 5 ಎಂದರೆ ಏನೂ ಹತ್ತಿಲ್ಲ. ಹೊರದೇಶದ ಖರೀದಿದಾರರು ಸಾಮಾನ್ಯವಾಗಿ 4ರ ಆಸುಪಾಸಿನ ಅಂಕ ಕೇಳುತ್ತಾರೆ, ನಮ್ಮ ಕಾರ್ಖಾನೆಗಳೇ ಅದನ್ನು ಮಾಡಿ ಕಳುಹಿಸುತ್ತವೆ. ನಮ್ಮ ಊರಿನ ಅಂಗಡಿಯಲ್ಲಿ ಆ ಅಂಕ ಕೇಳಿ ನೋಡಿ, ನಿಮ್ಮನ್ನು ವಿಚಿತ್ರವಾಗಿ ನೋಡುತ್ತಾರೆ. ಬಟ್ಟೆ ತಂದ ದಿನವೇ ಒಳಹೊಲಿಗೆಯ ಮೇಲೆ ಒದ್ದೆ ಬಿಳಿ ಕರವಸ್ತ್ರವಿಟ್ಟು ಬಿಸಿ ಇಸ್ತ್ರಿಪೆಟ್ಟಿಗೆ ಒತ್ತಿ. ಕರವಸ್ತ್ರಕ್ಕೆ ಬಣ್ಣ ದಟ್ಟವಾಗಿ ಇಳಿದರೆ ಬಿಲ್ಲಿನ ಸಮೇತ ಅಂಗಡಿಗೆ ಹೋಗಿ. ದೋಷವಿರುವ ಸರಕಿನ ವಿರುದ್ಧ ದೂರು ಕೊಡಲು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅವಕಾಶ ಕೊಡುತ್ತದೆ.

ಪಂಚೆ ಈಗಾಗಲೇ ಗುಲಾಬಿಯಾಗಿದ್ದರೆ ಮೊದಲ ನಿಯಮ, ಒಣಗಲು ಬಿಡಬೇಡಿ. ರವಿಕೆಯಲ್ಲಿ ಸಡಿಲವಾಗಿದ್ದ ಬಣ್ಣ ಪಂಚೆಯಲ್ಲೂ ಸಡಿಲವಾಗಿಯೇ ಇದೆ, ಅಲ್ಲಿಯೂ ಅದಕ್ಕೆ ಬಂಧವಿಲ್ಲ. ಕೂಡಲೇ ಒಂಟಿಯಾಗಿ, ಕೈ ತಾಳುವುದಕ್ಕಿಂತ ತುಸು ಹೆಚ್ಚೇ ಬಿಸಿಯಾದ ನೀರಿನಲ್ಲಿ, ಒಗೆಯುವ ಪುಡಿ ಧಾರಾಳವಾಗಿ ಹಾಕಿ ನೆನೆಹಾಕಿ. ನೀರು ಗುಲಾಬಿಯಾದರೆ ಚೆಲ್ಲಿ ಮತ್ತೆ ಹೊಸ ನೀರು. ಸಾಲದಿದ್ದರೆ ಸೋಡಿಯಂ ಪರ್ಕಾರ್ಬೊನೇಟ್ ಇರುವ ಬಿಳುಪುಕಾರಕವನ್ನು ಸೇರಿಸಬಹುದು. ಜರಿ ಅಂಚಿದ್ದರೆ ಕ್ಲೋರಿನ್ ಬ್ಲೀಚ್ ಹತ್ತಿರವೂ ತರಬೇಡಿ, ಬೆಳ್ಳಿ ಕಪ್ಪಾಗುತ್ತದೆ. ಉಪ್ಪಿನ ಡಬ್ಬವನ್ನು ಅಡುಗೆಮನೆಯಲ್ಲೇ ಬಿಡಿ, ಬಿಸಿನೀರು ಕಾಯಿಸುವ ಕೆಲಸವನ್ನು ಪಂಚೆಯ ಯಜಮಾನರಿಗೆ ಕೊಡಿ.