ತೊಂಬತ್ತು ನಿಮಿಷದ ಆಟ

ನಮ್ಮ ಮನೆಯ ಅಟ್ಟದಲ್ಲಿ ಒಂದು ಹಳೆಯ ಬಿಸ್ಕತ್ತು ಡಬ್ಬಿ ಇದೆ. ಅದರೊಳಗೆ ಐದು ಕ್ಯಾಸೆಟ್. ಬೆನ್ನಿನ ಮೇಲೆ ಅಪ್ಪನ ಅಕ್ಷರದಲ್ಲಿ 1, 2, 3, 5, 6 ಎಂದು ಬರೆದಿದೆ. ನಾಲ್ಕನೆಯದನ್ನು ಯಾರೋ ಕೇಳಲಿಕ್ಕೆಂದು ಒಯ್ದವರು ವಾಪಸು ತರಲಿಲ್ಲ. ಅಷ್ಟೂ ಒಂದೇ ರಾತ್ರಿಯ ಆಟ. (ಘಟ್ಟದ ಮೇಲಿನವರಿಗೆ ಒಂದು ಮಾತು: ನಮ್ಮಲ್ಲಿ ಆಟ ಅಂದರೆ ಯಕ್ಷಗಾನ, ಕ್ರಿಕೆಟ್ ಅಲ್ಲ.) ಪ್ರತಿಯೊಂದು ಕ್ಯಾಸೆಟ್ಟಿನ ಹಿಂದಂಚಿನಲ್ಲಿದ್ದ ಎರಡು ಪುಟ್ಟ ಪ್ಲಾಸ್ಟಿಕ್ ಹಲ್ಲುಗಳನ್ನು ಅಪ್ಪ ಸ್ಕ್ರೂಡ್ರೈವರಿನಿಂದ ಮುರಿದಿದ್ದಾರೆ. ಹಾಗೆ ಮುರಿದರೆ ಟೇಪ್ ರೆಕಾರ್ಡರಿನ ಕೆಂಪು ಗುಂಡಿ ಒತ್ತಿದರೂ ಕೆಳಗಿಳಿಯುವುದಿಲ್ಲ, ಇದ್ದದ್ದನ್ನು ಯಾರೂ ಅಳಿಸುವ ಹಾಗಿಲ್ಲ. ಮೊದಲನೆಯ ಕ್ಯಾಸೆಟ್ಟಿನ ಒಂದು ಕಂಡಿಯಲ್ಲಿ ಮಾತ್ರ ಮಡಚಿದ ಕಾಗದ ಇನ್ನೂ ಸಿಕ್ಕಿಕೊಂಡಿದೆ. ಕಂಡಿ ಮುಚ್ಚಿದರೆ ಗುಂಡಿ ಮತ್ತೆ ಇಳಿಯುತ್ತದೆ. ಅದನ್ನು ತುರುಕಿದವನು ನಾನೇ. ಹೈಸ್ಕೂಲಿನಲ್ಲಿದ್ದಾಗ ಆಟದ ಆರಂಭದ ಪೂರ್ವರಂಗದ ಮೇಲೆ ಸಿನೆಮಾ ಹಾಡು ತುಂಬಿಸಿಕೊಂಡಿದ್ದೆ. ಗೊತ್ತಾದ ಮೇಲೆ ಅಪ್ಪ ಒಂದು ವಾರ ನನ್ನೊಂದಿಗೆ ಮಾತಾಡಲಿಲ್ಲ.

ಈಚೆಗೆ ಆಟ ನಡೆಯುವಲ್ಲಿ ಒಂದು ಜಗಳ ಆಗಾಗ ಎದ್ದೇಳುತ್ತದೆ. ಮುಂದಿನ ಸಾಲಿನವರು ಮೊಬೈಲು ಎತ್ತಿ ಹಿಡಿದು ಇಡೀ ಪದ್ಯವನ್ನು ಚಿತ್ರಿಸಿಕೊಳ್ಳುತ್ತಾರೆ, ಬೆಳಗಾಗುವುದರೊಳಗೆ ಅದು ಯೂಟ್ಯೂಬಿನಲ್ಲಿರುತ್ತದೆ. ಕಲಾವಿದರಿಗೆ ಬೇಸರ, ಮೇಳದ ಯಜಮಾನರಿಗೆ ಸಿಟ್ಟು, ನೋಡುವವರಿಗೆ ಖುಷಿ. ಇದನ್ನು ಮೊಬೈಲಿನಿಂದ ಬಂದ ಪೀಡೆ ಎಂದು ಬಗೆದವರೇ ಹೆಚ್ಚು. ಆ ಬಿಸ್ಕತ್ತು ಡಬ್ಬಿ ನೋಡಿದರೆ ಹಾಗನ್ನಿಸುವುದಿಲ್ಲ. ಈ ಜಗಳ ನಮ್ಮೂರಿಗೆ ಬಂದು ನಲವತ್ತು ವರ್ಷ ದಾಟಿತು, ಬಂದದ್ದು ಕ್ಯಾಸೆಟ್ಟಿನ ಬೆನ್ನ ಮೇಲೆ.

ಕ್ಯಾಸೆಟ್ಟಿಗೆ ಮೊದಲು ಧ್ವನಿಯನ್ನು ಹಿಡಿದಿಡುವುದು ಕಾರ್ಖಾನೆಯವರ ಕೆಲಸವಾಗಿತ್ತು. 1902ರಲ್ಲಿ ಗ್ರಾಮಫೋನ್ ಕಂಪೆನಿಯವರು ಕಲ್ಕತ್ತೆಗೆ ಬಂದು ಗೌಹರ್ ಜಾನ್ ಅವರನ್ನು ಹಾಡಿಸಿದ ದಿನದಿಂದ ದಶಕಗಳ ಕಾಲ ಪ್ಲೇಟಿನ ಒಂದು ಬದಿಗೆ ಹಿಡಿಯುತ್ತಿದ್ದದ್ದು ಸುಮಾರು ಮೂರು ನಿಮಿಷ. ಮೂರು ನಿಮಿಷದಲ್ಲಿ ಒಂದು ಠುಮ್ರಿ ಮುಗಿದೀತು, ನಮ್ಮ ಬಣ್ಣದ ವೇಷ, ಅಂದರೆ ರಾಕ್ಷಸ ಪಾತ್ರ, ತೆರೆಯ ಹಿಂದಿನಿಂದ ಮುಖ ತೋರಿಸುವುದೂ ಆಗದು. ಆಮೇಲೆ ಆಕಾಶವಾಣಿ ಬಂತು. ಧಾರವಾಡ ನಿಲಯ 1950ರಲ್ಲಿ, ಭದ್ರಾವತಿ 1965ರಲ್ಲಿ ಶುರುವಾದರೂ ಕರಾವಳಿಗೆ ತನ್ನದೇ ನಿಲಯ ಸಿಕ್ಕಿದ್ದು 1976ರಲ್ಲಿ. ಸ್ಟುಡಿಯೊ ಮಂಗಳೂರಿನ ಕದ್ರಿ ಗುಡ್ಡೆಯಲ್ಲಿ, ಪ್ರಸಾರದ ಗೋಪುರ ಇತ್ತ ಬ್ರಹ್ಮಾವರದಲ್ಲಿ. ತುಳು, ಕೊಂಕಣಿ, ಯಕ್ಷಗಾನ, ವೇಷವಿಲ್ಲದೆ ಕೂತು ನಡೆಸುವ ತಾಳಮದ್ದಳೆ ಮನೆಮನೆಗೆ ಬಂದವು. ಆದರೆ ರೇಡಿಯೊದ್ದು ಬಂದು ಹೋಗುವ ಸೊತ್ತು. ಇನ್ನೊಮ್ಮೆ ಹಾಡಿ ಎಂದರೆ ಹಾಡುತ್ತಿರಲಿಲ್ಲ.

ಫಿಲಿಪ್ಸ್ ಕಂಪೆನಿ 1963ರಲ್ಲಿ ಬರ್ಲಿನ್ನಿನ ಪ್ರದರ್ಶನದಲ್ಲಿ ಮೊದಲು ತೋರಿಸಿದ ಕ್ಯಾಸೆಟ್ ಉಡುಪಿ, ಮಂಗಳೂರಿನ ಮನೆಗಳಿಗೆ ಬಂದದ್ದು ಬಹುಪಾಲು ಕೊಲ್ಲಿ ದೇಶಗಳ ದಾರಿಯಿಂದ. ಎಪ್ಪತ್ತರ ದಶಕದಲ್ಲಿ ದುಬೈ, ಕುವೈತ್, ಮಸ್ಕತ್ತಿಗೆ ದುಡಿಯಲು ಹೋದವರು ರಜೆಯಲ್ಲಿ ಬರುವಾಗ ಸೆಂಟು, ಟೈಗರ್ ಬಾಮಿನ ಜೊತೆ ಒಂದು ಟೂ-ಇನ್-ಒನ್ ತರುತ್ತಿದ್ದರು. ರೇಡಿಯೊ ಮತ್ತು ಟೇಪು ಒಂದೇ ಪೆಟ್ಟಿಗೆಯಲ್ಲಿ. ನ್ಯಾಷನಲ್ ಪ್ಯಾನಸೋನಿಕ್ ಎಂದರೆ ಆಗ ಹುಡುಗನಿಗೆ ಒಳ್ಳೆಯ ಕೆಲಸ ಇದೆ ಎಂಬುದಕ್ಕೆ ಸರ್ಟಿಫಿಕೇಟು. ಅದರ ಮೊದಲ ಉಪಯೋಗ ಹಾಡು ಕೇಳುವುದಕ್ಕಿಂತ ಕಾಗದ ಬರೆಯುವುದಕ್ಕೆ. ಮನೆಯವರೆಲ್ಲ ಸುತ್ತ ಕೂತು ಮಾತಾಡಿ ತುಂಬಿಸಿದ ಕ್ಯಾಸೆಟ್ಟನ್ನು ಹೊರಟುನಿಂತ ಯಾರದಾದರೂ ಕೈಯಲ್ಲಿ ಕೊಟ್ಟು ಕಳುಹಿಸುವುದು. ಅಜ್ಜಿಯಂದಿರು ಮೈಕಿಗೆ ಬಾಯಿ ತಾಗಿಸಿ ಕೂಗಿಯೇ ಮಾತಾಡುತ್ತಿದ್ದರು. ದುಬೈ ದೂರ ಅಲ್ಲವೇ!

ವಾಪಸು ಹೋಗುವ ಪೆಟ್ಟಿಗೆಯಲ್ಲಿ ಉಪ್ಪಿನಕಾಯಿ, ಹಪ್ಪಳದೊಟ್ಟಿಗೆ ಆಟದ ಕ್ಯಾಸೆಟ್ಟುಗಳೂ ಇರುತ್ತಿದ್ದವು.

ಆ ಕ್ಯಾಸೆಟ್ಟುಗಳು ತಯಾರಾಗುತ್ತಿದ್ದ ಬಗೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಡೇರೆ ಮೇಳದ ಆಟ ರಾತ್ರಿ ಒಂಬತ್ತೂವರೆಗೋ ಹತ್ತಕ್ಕೋ ಶುರುವಾದರೆ ಮುಗಿಯುವುದು ಬೆಳಕು ಹರಿಯುವಾಗ. ಸಿ-90 ಎಂಬ ಕ್ಯಾಸೆಟ್ಟಿನಲ್ಲಿ ಬದಿಗೆ ನಲವತ್ತೈದು ನಿಮಿಷ. ಸೆಕೆಂಡಿಗೆ 4.76 ಸೆಂಟಿಮೀಟರಿನಂತೆ ಓಡುವ ರೀಲು ಬದಿ ಮುಗಿಯುವಾಗ ನೂರಿಪ್ಪತ್ತೆಂಟು ಮೀಟರು ದಾಟಿರುತ್ತದೆ. ಇಡೀ ರಾತ್ರಿಗೆ ಆರು ಕ್ಯಾಸೆಟ್, ಹನ್ನೆರಡು ಬದಿ. ಅಂದರೆ ಮುಕ್ಕಾಲು ಗಂಟೆಗೊಮ್ಮೆ ಎಚ್ಚರ ಇದ್ದು ತಿರುಗಿಸಿ ಹಾಕುವವನೊಬ್ಬ ಬೇಕು. ಸಿ-120 ಎಂಬುದೂ ಸಿಗುತ್ತಿತ್ತು, ಆದರೆ ಅದರ ರೀಲು ತೀರ ತೆಳು, ಯಂತ್ರ ಅದನ್ನು ಎಳೆದು ಸುತ್ತಿಕೊಂಡು ಬಿಡುತ್ತಿತ್ತು. ನಂಬಿದವರು ಕೆಟ್ಟರು. ಆಟ ಮಾತ್ರ ಬದಿ ಮುಗಿಯಿತೆಂದು ಕಾಯುತ್ತದೆಯೇ? ಅಪ್ಪನ ಮೂರನೆಯ ಕ್ಯಾಸೆಟ್ಟಿನಲ್ಲಿ ವಾಲಿ “ನಿನ್ನ ಧರ್ಮ ಯಾವುದು ರಾಮಾ, ಮರದ ಮರೆಯಲ್ಲಿ” ಎನ್ನುವಲ್ಲಿಗೆ ಟಕ್ ಎಂದು ನಿಲ್ಲುತ್ತದೆ. ಬದಿ ತಿರುಗಿಸಿದರೆ ರಾಮ ಉತ್ತರ ಕೊಡುತ್ತಿದ್ದಾನೆ. ನಡುವಿನ ಮಾತು ಎಲ್ಲಿಯೂ ಇಲ್ಲ.

ಇನ್ನೊಂದು ತೊಂದರೆ ಚೆಂಡೆಯದ್ದು. ಅಗ್ಗದ ಟೇಪ್ ರೆಕಾರ್ಡರುಗಳಲ್ಲಿ ಶಬ್ದ ಜೋರಾದರೆ ಯಂತ್ರ ತಾನೇ ತಗ್ಗಿಸಿ, ಮೆಲ್ಲಗಾದರೆ ತಾನೇ ಏರಿಸುವ ವ್ಯವಸ್ಥೆ ಇರುತ್ತಿತ್ತು. ಮಾತಿಗೆ ಅದು ಒಳ್ಳೆಯದು, ಯಕ್ಷಗಾನಕ್ಕೆ ಶನಿ. ಚೆಂಡೆಯ ಒಂದು ಹೊಡೆತಕ್ಕೆ ಯಂತ್ರ ಬೆಚ್ಚಿ ಎಲ್ಲವನ್ನೂ ಅಡಗಿಸುತ್ತದೆ. ಆಮೇಲೆ ನಿಧಾನಕ್ಕೆ ಧ್ವನಿ ಏರುವಾಗ ರೀಲಿನ ಸುಯ್ ಸದ್ದು, ಕಡಲೆಕಾಯಿ ಮಾರುವವನ ಕೂಗು, ಹಿಂದೆ ಕೂತವರ ಕೆಮ್ಮು ಎಲ್ಲ ಏರುತ್ತವೆ. “ಎಂತ ಮಾರಾಯ್ರೇ, ಚೆಂಡೆ ಬಿದ್ದ ಕೂಡಲೇ ಭಾಗವತರು ಬಾವಿಗೆ ಬಿದ್ದ ಹಾಗೆ ಕೇಳ್ತದೆ” ಎಂದು ಪಕ್ಕದ ಮನೆಯವರು ಅಪ್ಪನನ್ನು ಗೇಲಿ ಮಾಡುತ್ತಿದ್ದರು. ಇದಕ್ಕೆ ಉಪಾಯವಾಗಿ ಬಲ್ಲವರು ಮೈಕ್‌ಸೆಟ್ಟಿನವರ ಸ್ನೇಹ ಮಾಡುತ್ತಿದ್ದರು. ಅವರ ಆಂಪ್ಲಿಫೈಯರಿನಿಂದಲೇ ಒಂದು ವಯರು ಎಳೆದುಕೊಂಡರೆ ಪದ್ಯ ಹಾಡುವ ಭಾಗವತರ ಧ್ವನಿ ನೇರ ಸಿಗುತ್ತದೆ, ಮೈಕಿನಿಂದ ದೂರ ಇರುವ ಚೆಂಡೆ ಹಿಂದೆ ಸರಿಯುತ್ತದೆ. ಹಾಗಾಗಿ ಒಳ್ಳೆಯ ಕ್ಯಾಸೆಟ್ಟುಗಳಲ್ಲೆಲ್ಲ ಭಾಗವತರೇ ಮುಂದೆ. ಕಣ್ಣಿಗೆ ವೇಷ, ಕುಣಿತ ಇಲ್ಲ, ಕಿವಿಗೆ ಚೆಂಡೆಯೂ ಅರ್ಧ. ಉಳಿದದ್ದು ಕಂಠ.

ನನ್ನ ಅಂದಾಜಿನಲ್ಲಿ ಯಕ್ಷಗಾನದ ರುಚಿ ಬದಲಾದದ್ದು ಅಲ್ಲಿ. ಆಟ ಹೇಗಾಯಿತು ಎಂದು ಕೇಳುತ್ತಿದ್ದವರು ಪದ್ಯ ಹೇಗಾಯಿತು ಎಂದು ಕೇಳತೊಡಗಿದರು. ಸಾಲಿಗ್ರಾಮ ಮೇಳದ ಗುಂಡ್ಮಿ ಕಾಳಿಂಗ ನಾವಡರು 1990ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡಾಗ ಅವರಿಗೆ ಮೂವತ್ತೆರಡರ ಆಸುಪಾಸು. ಅವರು ಹೋದ ಮೇಲೆ ಹುಟ್ಟಿದವರು ಇಂದು ಅವರ ಶೈಲಿಯನ್ನು ಅನುಕರಿಸಿ ಹಾಡುತ್ತಾರೆ, ಇನ್ನೊಬ್ಬರು ಅದು ಸರಿಯಿಲ್ಲವೆಂದು ತಿದ್ದುತ್ತಾರೆ. ಹಿಂದಿನ ಎಷ್ಟೋ ಮಹಾ ಭಾಗವತರ ಧ್ವನಿ ಕೇಳಿದವರ ನೆನಪಿನೊಟ್ಟಿಗೇ ಹೋಯಿತು. ನಾವಡರದ್ದು ಉಳಿದದ್ದು ಅವರ ಪ್ರತಿಭೆಯಿಂದ ಹೇಗೋ ಹಾಗೆ ಅವರು ಕ್ಯಾಸೆಟ್ಟಿನ ಕಾಲದಲ್ಲಿ ಹಾಡಿದ್ದರಿಂದಲೂ ಹೌದು.

ಕ್ಯಾಸೆಟ್ಟಿಗೆ ಹೇಳಿ ಮಾಡಿಸಿದ್ದು ತಾಳಮದ್ದಳೆ. ಅಲ್ಲಿ ವೇಷವೇ ಇಲ್ಲ, ಆದ್ದರಿಂದ ಕಳೆದುಕೊಳ್ಳುವುದೂ ಕಡಿಮೆ. ಶೇಣಿ ಗೋಪಾಲಕೃಷ್ಣ ಭಟ್ಟರು, ಮಲ್ಪೆ ಶಂಕರನಾರಾಯಣ ಸಾಮಗರು ಎದುರುಬದುರು ಕೂತರೆ ಮಾತಿಗೆ ಮಾತು ಹೆಣೆದುಕೊಳ್ಳುವ ಬೆರಗು ಇತ್ತಲ್ಲ, ಅದನ್ನು ಹಿಂದಕ್ಕೋಡಿಸಿ ಮತ್ತೆ ಕೇಳುವ ಭಾಗ್ಯ ಮೊದಲ ಬಾರಿ ಸಿಕ್ಕಿತು. ಪದ್ಯದ ಅರ್ಥವನ್ನು ಮಾತಿನಲ್ಲಿ ಬೆಳೆಸುವ ಅರ್ಥಗಾರಿಕೆಯನ್ನು ಹೀಗೆ ಕ್ಯಾಸೆಟ್ ಕೇಳಿಕೇಳಿಯೇ ಕಲಿತವರಿದ್ದಾರೆ. ಕಲಿತರೋ ಬಾಯಿಪಾಠ ಮಾಡಿದರೋ ಎಂಬ ಕುಹಕವೂ ಅಂದಿನಿಂದಲೇ ಇದೆ.

ಅಂಗಡಿಗಳದ್ದು ಬೇರೆಯೇ ಲೋಕ. ಎಂಬತ್ತರ ದಶಕದಲ್ಲಿ ಕ್ಯಾಸೆಟ್ ನಕಲು ಮಾಡುವ ಯಂತ್ರ ಸುಲಭಕ್ಕೆ ಸಿಗತೊಡಗಿದಾಗ ಎಚ್‌ಎಂವಿಯಂಥ ದೊಡ್ಡ ಕಂಪೆನಿಗಳ ಹಿಡಿತ ದೇಶದೆಲ್ಲೆಡೆ ಸಡಿಲವಾಯಿತು. ಸಣ್ಣ ಭಾಷೆಗೂ ಮಾರುಕಟ್ಟೆ ಇದೆಯೆಂದು ಗೊತ್ತಾಯಿತು. ಮಂಗಳೂರಿನಲ್ಲಿ ಕೊಂಕಣಿಗೆ ವಿಲ್ಫಿ ರೆಬಿಂಬಸ್ ಇದ್ದರು. ಅವರ ಹಾಡು ಬೊಂಬಾಯಿ, ಕೊಲ್ಲಿಯ ತನಕ ಹೋಯಿತು. ತುಳು ನಾಟಕದ ಹಾಸ್ಯ ಬಸ್ಸಿನಲ್ಲಿ ಕೇಳತೊಡಗಿತು. ಉಡುಪಿಯ ರಥಬೀದಿಯಲ್ಲಿ ಬೆಳಿಗ್ಗೆ ಅಂಗಡಿ ಬಾಗಿಲು ತೆರೆಯುವ ಹೊತ್ತಿಗೆ ವಿದ್ಯಾಭೂಷಣರ ದಾಸರ ಪದ. ಜೊತೆಗೆ ಪ್ರತಿ ಪೇಟೆಯಲ್ಲೂ ಒಂದು ರೆಕಾರ್ಡಿಂಗ್ ಸೆಂಟರ್: ಖಾಲಿ ಕ್ಯಾಸೆಟ್ಟೂ ಹಾಡಿನ ಪಟ್ಟಿಯೂ ಕೊಟ್ಟು ಬಂದರೆ ಎರಡು ದಿನದಲ್ಲಿ ತುಂಬಿಸಿ ಕೊಡುತ್ತಿದ್ದರು. ಬದಿಯ ಕೊನೆಯಲ್ಲಿ ಜಾಗ ಉಳಿದರೆ ಅಂಗಡಿಯವರ ಇಷ್ಟದ ಒಂದು ಹಾಡು ಪುಕ್ಕಟೆ. ಅದು ಕಾನೂನಿಗೆ ವಿರುದ್ಧ ಎಂಬ ಯೋಚನೆ ಕೊಟ್ಟವರಿಗೂ ಇರಲಿಲ್ಲ, ತುಂಬಿಸಿದವರಿಗೂ ಇದ್ದ ಹಾಗೆ ಕಾಣಲಿಲ್ಲ.

ಕಾನೂನು ಮಲಗಿತ್ತೆಂದಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಗೆ 1984ರಲ್ಲಿ ತಿದ್ದುಪಡಿ ತಂದು ಕ್ಯಾಸೆಟ್ಟಿನ ಮೇಲೆ ತಯಾರಿಸಿದವರ ಹೆಸರು, ವಿಳಾಸ, ಹಕ್ಕುದಾರರು ಯಾರು, ಮೊದಲು ಹೊರಬಂದ ವರ್ಷ ಯಾವುದು ಎಂದು ಅಚ್ಚು ಹಾಕಲೇಬೇಕೆಂದು ಮಾಡಿದರು. ಕದ್ದು ನಕಲು ಮಾಡಿದವರಿಗೆ ಮೂರು ವರ್ಷದ ತನಕ ಜೈಲು. ಆದರೆ ಈ ಹಕ್ಕು ಯಾರದ್ದು? ಧ್ವನಿಯನ್ನು ಹಿಡಿದ ಕಂಪೆನಿಯದ್ದು. ಬಾಯಿಬಿಟ್ಟು ಹಾಡಿದವನಿಗೆ, ಕುಣಿದವನಿಗೆ ತನ್ನ ಪ್ರದರ್ಶನದ ಮೇಲೆ ಹಕ್ಕಿದೆಯೆಂದು ಭಾರತದ ಕಾಯ್ದೆ ಒಪ್ಪಿದ್ದು 1994ರ ತಿದ್ದುಪಡಿಯಲ್ಲಿ. ವಾಣಿಜ್ಯ ಬಳಕೆಗೆ ಅವನಿಗೂ ರಾಯಧನ ಸಲ್ಲಬೇಕೆಂದು ಬರೆದದ್ದು 2012ರಲ್ಲಿ. ಅಷ್ಟು ಹೊತ್ತಿಗೆ ಕ್ಯಾಸೆಟ್ ಅಂಗಡಿಗಳು ಮೊಬೈಲ್ ರೀಚಾರ್ಜ್ ಅಂಗಡಿಗಳಾಗಿ ಆಗಿತ್ತು.

ಯಕ್ಷಗಾನಕ್ಕೆ ಈ ಕಾಯ್ದೆಯನ್ನು ತೊಡಿಸಲು ಹೋದರೆ ಅಳತೆ ಕೂಡುವುದಿಲ್ಲ. ಹಳೆಯ ಯಕ್ಷಗಾನ ಕವಿ ಪಾರ್ತಿಸುಬ್ಬನ ಪದ್ಯಕ್ಕೆ ಹಕ್ಕುದಾರರಿಲ್ಲ, ಅದು ಊರಿನ ಸೊತ್ತು. ಹೊಸ ಪ್ರಸಂಗವಾದರೆ ಕವಿಗೆ ಹಕ್ಕಿದೆ. ಅರ್ಥಧಾರಿ ಆ ಕ್ಷಣಕ್ಕೆ ಹೊಳೆದದ್ದನ್ನು ಆಡುತ್ತಾನೆ, ಬರೆದಿಟ್ಟ ಸಾಲು ಒಂದೂ ಇಲ್ಲ. ಭಾಗವತ, ಚೆಂಡೆ, ಮದ್ದಳೆ, ವೇಷ ಒಬ್ಬೊಬ್ಬರೂ ಪ್ರದರ್ಶಕರೇ. ಮೇಳದ ಯಜಮಾನರು ತಿರುಗಾಟಕ್ಕೆ ಸಂಬಳ ಕೊಟ್ಟಿದ್ದಾರೆ. ಹರಕೆಯ ಆಟವಾದರೆ ಖರ್ಚು ಹಾಕಿದ ಮನೆಯವರು ಬೇರೆ. ಇವರಲ್ಲಿ ಯಾರ ಅನುಮತಿ ಕೇಳಬೇಕು? ಕ್ಯಾಸೆಟ್ಟಿನ ಕಾಲದಲ್ಲಿ ಈ ಪ್ರಶ್ನೆಯನ್ನು ಯಾರೂ ನೆಟ್ಟಗೆ ಎತ್ತಲಿಲ್ಲ, ಪ್ರತಿಗೆ ಇಷ್ಟೆಂದು ಹಾಡಿದವರಿಗೆ ಲೆಕ್ಕ ಕೊಡುವ ರೂಢಿಯೂ ಇಲ್ಲಿ ಬೇರೂರಲಿಲ್ಲ. ಇಂದು ಮೊಬೈಲು ಎತ್ತಿದವನ ಮೇಲೆ ಬೀಳುವ ಸಿಟ್ಟಿನಲ್ಲಿ ಅಂದು ವಸೂಲಾಗದೆ ಉಳಿದ ಬಾಕಿಯೂ ಸೇರಿದೆ ಎಂದು ನನಗನ್ನಿಸುತ್ತದೆ.

ವಿಸಿಡಿಗಳ ಕಾಲ ಬೇಗ ಬಂದು ಬೇಗ ಹೋಯಿತು. ಒಂದರಲ್ಲಿ ಹಿಡಿಯುವುದು ಹೆಚ್ಚೆಂದರೆ ಎಂಬತ್ತು ನಿಮಿಷ, ಚಿತ್ರ ಮಸುಕು, ಎರಡು ಮಳೆಗಾಲ ಕಳೆದರೆ ತಿರುಗದು. ಅದರ ಬೆನ್ನಿಗೆ ಬಂದ ಎಂಪಿತ್ರೀಯದ್ದು ಬೇರೆ ಮಾತು. 700 ಎಂಬಿಯ ಒಂದು ಸಿಡಿಯಲ್ಲಿ ಹನ್ನೆರಡು ಗಂಟೆಯ ಧ್ವನಿ ಹಿಡಿಯುತ್ತದೆ. ಪೂರ್ವರಂಗದಿಂದ ಮಂಗಳದ ತನಕ ಇಡೀ ಆಟ, ಬದಿ ತಿರುಗಿಸದೆ, ಮಾತು ತುಂಡಾಗದೆ, ಹತ್ತಿಪ್ಪತ್ತು ರೂಪಾಯಿಯ ಒಂದು ತಟ್ಟೆಯಲ್ಲಿ. ಇಷ್ಟಾಗುವ ಹೊತ್ತಿಗೆ ರಾತ್ರಿಯೇ ಗಿಡ್ಡವಾಗತೊಡಗಿತ್ತು. ಶಬ್ದಮಾಲಿನ್ಯದ 2000ನೇ ಇಸವಿಯ ನಿಯಮಗಳು ರಾತ್ರಿ ಹತ್ತರಿಂದ ಬೆಳಿಗ್ಗೆ ಆರರ ತನಕ ಧ್ವನಿವರ್ಧಕ ಬೇಡ ಎಂದವು. ಮರುದಿನ ಕೆಲಸಕ್ಕೆ ಹೋಗಬೇಕಾದ ಪ್ರೇಕ್ಷಕರಿಗೂ ನಿದ್ದೆಗೆಡುವುದು ಬೇಡವಾಗಿತ್ತು. ಧರ್ಮಸ್ಥಳ ಮೇಳ ಕಾಲಮಿತಿಗೆ, ಅಂದರೆ ರಾತ್ರಿಯಿಡೀ ಆಡದೆ ಬೇಗ ಮುಗಿಸುವ ಕ್ರಮಕ್ಕೆ ಬಂತು. 2022ರಲ್ಲಿ ಕಟೀಲು ಮೇಳಗಳೂ ಕಾಲಮಿತಿಗೆ ಹೊರಳಿದಾಗ ಭಕ್ತರಲ್ಲಿ ದೊಡ್ಡ ಚರ್ಚೆಯೇ ಎದ್ದಿತು. ಇನ್ನೊಂದು ಕಡೆ ಗಾನವೈಭವ ಎಂಬ ಹೊಸ ಬಗೆ ಬೆಳೆಯಿತು: ವೇಷವಿಲ್ಲ, ಕತೆಯಿಲ್ಲ, ಇಬ್ಬರು ಮೂವರು ಭಾಗವತರು ಕೂತು ಆಯ್ದ ಪದ್ಯ ಹಾಡುವುದು, ಎರಡು ಗಂಟೆಯಲ್ಲಿ ಮುಗಿಸುವುದು. ನನಗೆ ಅದರಲ್ಲಿ ಕ್ಯಾಸೆಟ್ಟಿನ ಎ ಸೈಡು, ಬಿ ಸೈಡು ಕಾಣುತ್ತವೆ.

2020ರ ಲಾಕ್‌ಡೌನಿನಲ್ಲಿ ತಿರುಗಾಟಗಳು ನಿಂತು ಕಲಾವಿದರು ಮನೆಯಲ್ಲಿ ಉಳಿದಾಗ ನೇರಪ್ರಸಾರದ ತಾಳಮದ್ದಳೆಗಳು ಜನರನ್ನು ಹಿಡಿದಿಟ್ಟವು. ಮೊಬೈಲನ್ನು ಬೈಯುವವರ ದನಿ ಅಂದು ಸ್ವಲ್ಪ ಇಳಿಯಿತು. ಮೇಳಗಳು ಮತ್ತೆ ಹೊರಟ ಮೇಲೆ ಮತ್ತೆ ಏರಿದೆ.

ಕಳೆದ ಮಳೆಗಾಲದಲ್ಲಿ ಅಪ್ಪನ ಕ್ಯಾಸೆಟ್ಟುಗಳಿಗೆ ಬೂಷ್ಟು ಹಿಡಿದಿತ್ತು. ರೀಲಿನ ಸುರುಳಿಯ ಮೇಲೆ ಬಿಳಿ ಪುಡಿ. ಹಾಗೆಯೇ ಓಡಿಸಿದರೆ ಟೇಪಿನ ಹೆಡ್ಡೂ ಹಾಳು, ರೀಲೂ ಹಾಳು. ಎರಡು ದಿನ ಬೆಚ್ಚಗಿನ ಜಾಗದಲ್ಲಿ ಒಣಗಿಸಿ, ಹತ್ತಿಯಲ್ಲಿ ಒರೆಸಿ, ಹಳೆಯ ಡೆಕ್ಕೊಂದನ್ನು ಸಾಲ ತಂದು ಕಂಪ್ಯೂಟರಿಗೆ ಇಳಿಸಿದೆ. ಅಪ್ಪ ಅಂಕಿ ಬಿಟ್ಟರೆ ಬೇರೇನೂ ಬರೆದಿರಲಿಲ್ಲ. ಯಾವ ಮೇಳ, ಯಾವ ಊರು, ವಾಲಿ ಯಾರು, ಭಾಗವತರು ಯಾರು, ಒಂದೂ ಇಲ್ಲ. ಕೇಳೋಣವೆಂದರೆ ಅಪ್ಪ ಈಗಿಲ್ಲ. ಕೋಟದ ಹತ್ತಿರ ಒಂದು ಕಾಲದಲ್ಲಿ ಮೈಕ್‌ಸೆಟ್ ಇಟ್ಟುಕೊಂಡಿದ್ದ ಹಿರಿಯರ ಹತ್ತಿರ ಹೋಗಿ ಮೊಬೈಲಿನಲ್ಲಿ ಹಾಕಿ ಕಿವಿಗೆ ಹಿಡಿದೆ. ಕಣ್ಣು ಮುಚ್ಚಿ ಒಂದು ಪದ್ಯ ಪೂರ್ತಿ ಕೇಳಿದರು. ಭಾಗವತರು ಯಾರೆಂದು ಹೇಳುತ್ತಾರೆಂದು ನಾನು ಕಾದೆ. ಧ್ವನಿ ಏರಿದಾಗ ಹಿಂದಿನಿಂದ ಕೇಳುತ್ತಿದ್ದ ಜರ್ ಜರ್ ಸದ್ದಿಗೆ ಅವರು ಕಣ್ಣು ಬಿಟ್ಟರು.

“ಇದು ನಮ್ಮದೇ ಹಾರ್ನು ಮಾರಾಯ್ರೇ. ಅದರದ್ದು ಅಂಚು ಒಡೆದಿತ್ತು.”