ಕಣ ಭೌತಶಾಸ್ತ್ರ: ಸಂಶೋಧನೆ ಅಲ್ಲಿ, ಪಾಠ ಇಲ್ಲಿ ಆದದ್ದು ಹೇಗೆ?

ಮಂಗಳೂರು, ಉಡುಪಿಯ ಬಿಎಸ್ಸಿ ವಿದ್ಯಾರ್ಥಿಗಳು ಮ್ಯುಯಾನ್, ನ್ಯೂಟ್ರಿನೊ ಎಂಬ ಅತಿಸೂಕ್ಷ್ಮ ಕಣಗಳ ಬಗ್ಗೆ ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆಯುತ್ತಾರೆ. ಕಣವೊಂದು ಹಾದುಹೋದ ಗುರುತನ್ನು ಕಣ್ಣಾರೆ ಕಂಡವರು ಕಡಿಮೆ.

ಭೌತವಿಜ್ಞಾನಿ ಹೋಮಿ ಭಾಭಾ 1939–40ರ ಹೊತ್ತಿಗೆ ಬೆಂಗಳೂರಿಗೆ ಬಂದು ವಿಶ್ವಕಿರಣಗಳ (ಬಾಹ್ಯಾಕಾಶದಿಂದ ಭೂಮಿಗೆ ಬರುವ ಕಣಗಳ) ಅಧ್ಯಯನ ಆರಂಭಿಸಿದರು, 1945ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ (ಟಿಐಎಫ್‌ಆರ್) ಹುಟ್ಟಿ ಆ ಕೆಲಸ ಮುಂಬೈ ಸೇರಿತು, ನಂಜನಗೂಡಿನ ಬಿ.ವಿ. ಶ್ರೀಕಂಠನ್ ಉಪಕರಣ ಹಿಡಿದು ಕೋಲಾರದ ಚಿನ್ನದ ಗಣಿಗೆ ಇಳಿದರು. 1965ರಲ್ಲಿ ಅದೇ ಗಣಿಯ ಸುಮಾರು 2.3 ಕಿ.ಮೀ. ಆಳದಲ್ಲಿ ವಿಶ್ವಕಿರಣಗಳು ವಾತಾವರಣಕ್ಕೆ ಬಡಿದು ಹುಟ್ಟುವ ನ್ಯೂಟ್ರಿನೊ ಸಿಕ್ಕಿತು. 2017ರಲ್ಲಿ ಭಾರತ ಯುರೋಪಿನ ಕಣ ಭೌತಶಾಸ್ತ್ರ ಪ್ರಯೋಗಾಲಯ ಸರ್ನ್‌ನ ಸಹ ಸದಸ್ಯ ರಾಷ್ಟ್ರವಾಯಿತು. ಈ ನಡುವೆ ಸಂಶೋಧನೆ ದೊಡ್ಡ ಸಂಸ್ಥೆಗಳ ಪಾಲಾಯಿತು, ಪದವಿ ಪಾಠ ಕಾಲೇಜುಗಳ ಪಾಲಾಯಿತು. ಅಲ್ಲಿ ಪ್ರಕಟಿಸಿದ ಪ್ರಬಂಧ ಲೆಕ್ಕಕ್ಕೆ, ಇಲ್ಲಿ ತರಗತಿಯ ಗಂಟೆ ಲೆಕ್ಕಕ್ಕೆ. ಜನರಿಗೆ ವಿಜ್ಞಾನ ತಲುಪಿಸುವುದು ಇಬ್ಬರಿಗೂ ಬಿಡುವಿನ ಕೆಲಸವಾಗಿ ಉಳಿಯಿತು. ಒಬ್ಬ ವಿಜ್ಞಾನಿ ಮೂರನ್ನೂ ಮಾಡಬಲ್ಲ ವಾತಾವರಣ ಬೇಕಿತ್ತು.

ಕಣ ತೋರಿಸಲು ಕೋಟಿ ಸುರಿಯಬೇಕಿಲ್ಲ, ಕಣ ಹಾದ ದಾರಿಯನ್ನು ಮಂಜಿನ ಗೆರೆಯಾಗಿ ತೋರಿಸುವ ಕ್ಲೌಡ್ ಚೇಂಬರ್ ಸಾಕು. ಮೀನು ಸಾಕುವ ಗಾಜಿನ ತೊಟ್ಟಿಯನ್ನು ಕವುಚಿ ಹಾಕಿ, ಮೇಲೆ ಬರುವ ತಳಕ್ಕೆ ಒಳಗಿನಿಂದ ಫೆಲ್ಟ್ ಬಟ್ಟೆ ಸಿಕ್ಕಿಸಬೇಕು. ಅಂಟು ಬೇಡ, ಆಲ್ಕೋಹಾಲ್‌ಗೆ ಬಿಟ್ಟುಹೋಗುತ್ತದೆ. ಗಾಜಿನ ಎರಡೂ ಬದಿಗೆ ಆಯಸ್ಕಾಂತ ಇಟ್ಟರೆ ನಿಲ್ಲುತ್ತದೆ. ಫೆಲ್ಟ್‌ಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಕುಡಿಸಿ, ತೊಟ್ಟಿಯ ಬಾಯಿಗೆ ಕಪ್ಪು ಬಳಿದ ಅಲ್ಯೂಮಿನಿಯಂ ತಗಡು, ಅದರಡಿ ಮೈನಸ್ 78 ಡಿಗ್ರಿ ಸೆಲ್ಸಿಯಸ್‌ನ ಡ್ರೈ ಐಸ್ (ಗಟ್ಟಿ ಇಂಗಾಲದ ಡೈಆಕ್ಸೈಡ್). ಐಸನ್ನು ಪುಡಿ ಮಾಡಿದರೆ ತಗಡಿಗೆ ಪೂರ್ತಿ ತಾಗುತ್ತದೆ. ದಪ್ಪ ಕೈಗವಸು, ತೆರೆದ ಕಿಟಕಿ ಕಡ್ಡಾಯ. ಹತ್ತಿರ ಬೆಂಕಿ ಕೂಡದು.

ಕರಾವಳಿಯಲ್ಲಿ ಕೆಡುವುದು ಹೆಚ್ಚಾಗಿ ತೇವದಿಂದ. 70 ಶೇಕಡಾದ ಸ್ಪಿರಿಟ್ ಆಗದು, 99 ಶೇಕಡಾದ್ದೇ ಬೇಕು. ಬಾಟಲಿಯ ಮುಚ್ಚಳ ತೆರೆದಿಟ್ಟರೆ ಅದೂ ಗಾಳಿಯ ನೀರು ಹೀರುತ್ತದೆ. ಅಂಚಿನಲ್ಲಿ ಕೂದಲೆಳೆಯ ಸಂದಿ ಇದ್ದರೂ ಮಳೆಗಾಲದ ಗಾಳಿ ನುಗ್ಗಿ ತಗಡಿನ ಮೇಲೆ ಬಿಳಿ ಹಿಮ ಕೂರುತ್ತದೆ, ಗೆರೆ ಕಾಣುವುದಿಲ್ಲ. ಸುತ್ತ ಫೋಮ್ ಟೇಪ್ ಒತ್ತಬೇಕು. ಕೋಣೆ ಕತ್ತಲೆ ಮಾಡಿ ಟಾರ್ಚನ್ನು ಪಕ್ಕದಿಂದ, ತಗಡಿಗೆ ಸಮನಾಗಿ ಬಿಡಬೇಕು.

ಹತ್ತು–ಹದಿನೈದು ನಿಮಿಷಕ್ಕೆ ತಗಡಿನ ಬಳಿ ತುಂತುರು ಮಂಜು ಇಳಿಯುತ್ತದೆ. ಅದರಲ್ಲಿ ನೇರವಾದ ತೆಳು ಗೆರೆ ಹೆಚ್ಚಾಗಿ ಮ್ಯುಯಾನ್‌ನದು, ಸೊಟ್ಟಪಟ್ಟ ಓಡುವುದು ಎಲೆಕ್ಟ್ರಾನ್, ಗಿಡ್ಡ ದಪ್ಪನೆಯದು ಗಾಳಿಯಲ್ಲಿರುವ ವಿಕಿರಣಶೀಲ ಅನಿಲ ರೇಡಾನ್‌ನಿಂದ ಬಂದ ಆಲ್ಫಾ ಕಣ. ಸಮುದ್ರಮಟ್ಟದಲ್ಲಿ ಚದರ ಸೆಂಟಿಮೀಟರಿಗೆ ನಿಮಿಷಕ್ಕೆ ಸುಮಾರು ಒಂದು ಮ್ಯುಯಾನ್ ಬೀಳುತ್ತದೆ. ತೊಟ್ಟಿಯಲ್ಲಿ ಎಣಿಸಿದರೆ ಅಷ್ಟು ಸಿಗುವುದಿಲ್ಲ: ಗೆರೆ ಮೂಡುವ ಪದರ ತೀರಾ ತೆಳು, ಲಂಬವಾಗಿ ಇಳಿದವು ಚುಕ್ಕೆಯಾಗಿ ಮಾಯವಾಗುತ್ತವೆ, ಓರೆಯಾಗಿ ಬಂದವಷ್ಟೇ ಉದ್ದ ಗೆರೆ ಎಳೆಯುತ್ತವೆ. ಈ ಎಣಿಕೆಯನ್ನೇ ಬಿಎಸ್ಸಿ ಪ್ರಯೋಗವಾಗಿ ಇಟ್ಟು, ಅದಕ್ಕೆ ವ್ಯಯಿಸುವ ಗಂಟೆಗಳನ್ನು ಅಧ್ಯಾಪಕರ ಬಡ್ತಿಯ ಲೆಕ್ಕಕ್ಕೂ ಹಿಡಿಯಬೇಕು.